ಇಸ್ತ್ರಿ ಬಿಡಬೇಡ ಪುಟ್ಟಿ

ಸರಸ್ವತೀಪುರಂ, ಮೈಸೂರು
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಬೆಳಿಗ್ಗೆ ಫೋನಲ್ಲಿ ನೀನು ಅಳ್ತಾ ಇದ್ದಾಗ ನನಗೆ ಮಾತೇ ಹೊರಡಲಿಲ್ಲ. ತಕ್ಷಣ ಏನೋ ಒಂದು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಅಂಗಡಿ ಬಾಗಿಲು ಹಾಕಿ ಕೂತು ಬರೀತಿದ್ದೀನಿ.

ಆ ಸ್ಟೈಲಿಸ್ಟ್ ಕೈಕೆಳಗೆ ಹದಿನಾಲ್ಕು ತಿಂಗಳಾಯ್ತು, ನಟಿಯರ ಬಟ್ಟೆಗೆ ಸ್ಟೀಮ್ ಹಾಕೋದು, ಶೋರೂಮಿಂದ ತರೋದು, ಶೂಟಿಂಗ್ ಮುಗಿದ ಮೇಲೆ ವಾಪಸ್ ಕೊಡೋದು, ಇಷ್ಟೇ ಆಯ್ತು ಅಂದೆ. ಈಗ ಮುಂಬೈಯ ಪತ್ರಿಕೆಯೊಂದರ ಫ್ಯಾಷನ್ ವಿಭಾಗದಿಂದ ಕರೆ ಬಂದಿದೆ, ಹೋಗಲಾ ಅಂತ ಕೇಳಿದೆ. ನಿನ್ನಮ್ಮ ಎರಡೂ ಬೇಡ, ಬಂದು ಬಿ.ಎಡ್. ಮಾಡಲಿ ಅಂತಾಳೆ. ಅವಳನ್ನ ನನಗೆ ಬಿಡು. ಪತ್ರಿಕೆ ನಡೆಸೋದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ನೂರು ವರ್ಷದ ಹಿಂದೆಯೇ ಇಲ್ಲೇ ನಂಜನಗೂಡಲ್ಲಿ ತಿರುಮಲಾಂಬ ಅನ್ನೋ ಬಾಲವಿಧವೆ ಪತ್ರಿಕೆ ಸಂಪಾದಿಸಿ, ಪುಸ್ತಕ ಪ್ರಕಟಿಸಿದವರು. ಅದನ್ನೇ ಅವಳಿಗೆ ಹೇಳ್ತೀನಿ.

ನಿನಗೆ ನಾನು ಹೇಳೋದು: ಇನ್ನೊಂದು ವರ್ಷ ಅಲ್ಲೇ ಇರು. ಪತ್ರಿಕೆಗೆ ಆಮೇಲೆ ಹೋಗು.

ಬೇಜಾರಾಗಬೇಡ, ಪೂರ್ತಿ ಓದು. "ಶೂ ಅಡಿಗೆ ಟೇಪ್ ಅಂಟಿಸೋದೂ ಒಂದು ಕೆಲಸವಾ ದೊಡ್ಡಮ್ಮ?" ಅಂದೆಯಲ್ಲ, ಅದು ಬೆಳಗಿಂದ ತಲೆಯಲ್ಲೇ ಇದೆ. ಮದುವೆಗೆ ಪಕ್ಕದ ಮನೆಯವರ ಕೊರಳಿನ ಕಲ್ಲಿನ ಅಡ್ಡಿಕೆ ಎರವಲು ತಂದರೆ ನಿನ್ನಜ್ಜಿ ಆ ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಮಾರನೇ ದಿನ ಹತ್ತಿಯಲ್ಲಿ ಒರೆಸಿ, ಎರಡು ಸಲ ಕಲ್ಲು ಎಣಿಸಿ ಕೊಟ್ಟು ಬಂದ ಮೇಲೇ ಅವಳಿಗೆ ಸಮಾಧಾನ. ನಿನ್ನ ಕಸುಬು ಅರ್ಧ ಇದೇ. ನಟಿ ಮೈಮೇಲಿರೋದು ಅವಳದ್ದಲ್ಲ, ನಿಂದೂ ಅಲ್ಲ. ಟೇಪ್ ಇಲ್ಲದೆ ಶೂ ಅಟ್ಟೆ ಗೀರಿದರೆ, ಕಂಕುಳಲ್ಲಿ ಬೆವರಿನ ಕಲೆ ಉಳಿದರೆ, ಮುಂದಿನ ಸಲ ಆ ಶೋರೂಮು ನಿಮ್ಮ ಮೇಡಂಗೆ ಬಟ್ಟೆ ಕೊಡಲ್ಲ. ಅವರ ಹೆಸರನ್ನೇ ನಿನ್ನ ಕೈಗೆ ಕೊಟ್ಟಿದ್ದಾರೆ ಅಂತ ತಿಳ್ಕೋ.

ಹೋದ ದಸರಾಕ್ಕೆ ಬಂದಾಗ ನೀನೇ ಎಡ್ವರ್ಡ್ ಎನಿನ್‌ಫುಲ್ ಕಥೆ ಹೇಳಿದ್ದೆ. ಹದಿನೆಂಟನೇ ವಯಸ್ಸಿಗೇ ಲಂಡನ್ನಿನ ಐ-ಡಿ ಪತ್ರಿಕೆಗೆ ಫ್ಯಾಷನ್ ಡೈರೆಕ್ಟರ್, 2017ರಲ್ಲಿ ಬ್ರಿಟಿಷ್ ವೋಗ್ ಅನ್ನೋ ದೊಡ್ಡ ಫ್ಯಾಷನ್ ಪತ್ರಿಕೆಗೆ ಸಂಪಾದಕ. "ನನಗೆ ಇಪ್ಪತ್ನಾಲ್ಕಾಯ್ತು" ಅಂತ ನಿಟ್ಟುಸಿರು ಬಿಟ್ಟಿದ್ದೆ. ಅವರ ತಾಯಿ ಘಾನಾದಲ್ಲಿ ಬಟ್ಟೆ ಹೊಲೀತಿದ್ದವರು, ಮಗ ಆ ಕೋಣೆಯಲ್ಲೇ ಬೆಳೆದ ಅಂತಲೂ ನೀನೇ ಹೇಳಿದ್ದು. ಆ ವರ್ಷಗಳನ್ನ ಯಾಕೆ ಲೆಕ್ಕದಿಂದ ಬಿಡ್ತೀಯ? ನನಗೆ ಅವರ ಮೇಲೆ ಗೌರವ ಬಂದದ್ದು ಬೇರೆ ಕಾರಣಕ್ಕೆ. ಕೊರೊನಾ ಕಾಲದಲ್ಲಿ, 2020ರ ಜುಲೈ ಸಂಚಿಕೆಯ ಮುಖಪುಟಕ್ಕೆ ರೈಲು ಓಡಿಸೋ ಹೆಂಗಸು, ಸೂಲಗಿತ್ತಿ, ಸೂಪರ್ ಮಾರ್ಕೆಟ್ಟಿನ ಹುಡುಗಿ, ಇವರ ಫೋಟೋ ಹಾಕಿದರಲ್ಲ, ಅದಕ್ಕೆ. ಮೊದಲು ಮನುಷ್ಯರನ್ನ ನೋಡಿದ ಕಣ್ಣು ಅದು.

ಪತ್ರಿಕೆಯಿಂದಲೇ ಶುರು ಮಾಡಿದವರಿಲ್ಲವಾ ಅಂತೀಯ. ಇದ್ದಾರೆ. ಕೊಲ್ಹಾಪುರದ ಭಾನು ಅಥೈಯಾ ಸಿನಿಮಾ ಉಡುಪಿನ ಕೆಲಸಕ್ಕೆ ಬರೋ ಮೊದಲು ಈವ್ಸ್ ವೀಕ್ಲಿ ಅನ್ನೋ ಹೆಂಗಸರ ಪತ್ರಿಕೆಗೆ ಫ್ಯಾಷನ್ ಚಿತ್ರ ಬರೀತಿದ್ದವರು. 'ಗಾಂಧಿ' ಸಿನಿಮಾದ ಉಡುಪಿಗೆ 1983ರಲ್ಲಿ ಜಾನ್ ಮೊಲ್ಲೊ ಜೊತೆ ಆಸ್ಕರ್ ತಗೊಂಡರು. ಆದರೆ ಪತ್ರಿಕೆಯಲ್ಲೂ ಅವರು ಮಾಡಿದ್ದು ಬಟ್ಟೆಯ ನೆರಿಗೆ ನೆರಿಗೆಯನ್ನ ಕೈಯಲ್ಲಿ ಬರೆಯೋ ಕೆಲಸ ಪುಟ್ಟಿ. ನಿನ್ನನ್ನ ಕರೆದಿರೋದು ಮೇಲ್ ಕಳಿಸೋಕೆ, ಅಡಿಬರಹ ಹಾಕೋಕೆ.

ಅಡಿಬರಹ ಅಂದೆ, ಒಂದು ಸಂಕಟ ಹೇಳ್ತೀನಿ. ಪತ್ರಿಕೆಯೊಂದರಲ್ಲಿ ನಮ್ಮ ಮೈಸೂರು ಸಿಲ್ಕ್ ಉಟ್ಟ ನಟಿಯ ಚಿತ್ರದ ಕೆಳಗೆ "ಕೈಮಗ್ಗದ ಸೀರೆ" ಅಂತ ಬರೆದಿದ್ದರು. ನನಗೆ ಹೊಟ್ಟೆ ಉರೀತು. 1912ರಲ್ಲಿ ನಾಲ್ವಡಿಯವರು ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರು ಮಾಡಿದ್ದೇ ವಿದ್ಯುತ್ ಮಗ್ಗದ ಕಾರ್ಖಾನೆ. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಒಂದೊಂದು ಸೀರೆಗೂ ಅದರದ್ದೇ ನಂಬರು. ಅಷ್ಟು ಇರೋವಾಗ ಇಲ್ಲದ್ದನ್ನ ಯಾಕೆ ಸೇರಿಸಬೇಕು? ಮಗ್ಗದ ಹಳ್ಳಿಗಳಲ್ಲಿ ನಿಜವಾಗಿ ಕೈಯಲ್ಲಿ ನೇಯೋರ ಅನ್ನವನ್ನೂ ಆ ಒಂದು ಪದ ಕಿತ್ಕೊಳ್ಳುತ್ತೆ. ಕ್ರೇಪ್ ಯಾವುದು, ಜಾರ್ಜೆಟ್ ಯಾವುದು ಅಂತ ಕಣ್ಮುಚ್ಚಿ ಮುಟ್ಟಿ ಹೇಳೋ ಹಾಗಾದ ಮೇಲೆ ನೀನು ಬರಿ. ಆಗ ಯಾವ ಜಾಹೀರಾತಿನವರು ಬಂದು ಹೀಗೆ ಬರೀರಿ ಅಂದರೂ, ಅದು ಹಾಗಲ್ಲ ಅನ್ನೋ ಧೈರ್ಯ ನಿನಗೆ ಇರುತ್ತೆ.

ಇನ್ನೊಂದು, ಇದನ್ನ ನಿನ್ನಮ್ಮನಿಗೂ ಹೇಳಿಲ್ಲ. ಅಂಗಡಿ ಶುರು ಮಾಡಿದ ಹೊಸತು. ಮದುವೆ ಹುಡುಗಿ ಬ್ಲೌಸಿಗೆ ಅಳತೆ ಕೊಡೋಕೆ ಬಂದಿದ್ದಳು. ನಾನು ಟೇಪ್ ಹಿಡಿದು ಎದೆ ಸುತ್ತಳತೆ ಇಷ್ಟು, ತೋಳು ಇಷ್ಟು ಅಂತ ಗಟ್ಟಿಯಾಗಿ ಹೇಳ್ತಾ ಹೋದೆ, ಕೆಲಸದ ಹುಡುಗಿ ಮೂಲೆಯಲ್ಲಿ ಕೂತು ಬರ್ಕೋತಿದ್ದಳು. ಜೊತೆಗೆ ಬಂದಿದ್ದ ಗಂಡಿನ ತಂಗಿ ಕಿಸಕ್ಕನೆ ನಕ್ಕಳು. ಹುಡುಗಿ ಭುಜ ಎರಡೂ ಒಳಕ್ಕೆ ಮಾಡಿಕೊಂಡು ಮುದುಡಿ ನಿಂತಳು. ಆ ಮುದುಡಿದ ಭುಜಕ್ಕೇ ನಾನು ಟೇಪ್ ಇಟ್ಟೆ. ಮದುವೆ ಹಿಂದಿನ ದಿನ ತೊಟ್ಟು ನೋಡಿದರೆ ಬೆನ್ನಲ್ಲಿ ಬಿಗಿ, ಕೈ ಎತ್ತೋಕಾಗ್ತಿಲ್ಲ. ರಾತ್ರಿಯೆಲ್ಲ ಬಿಚ್ಚಿ ಹೊಲಿದೆ. ಅವತ್ತಿಂದ ಯಾರ ಅಳತೆಯನ್ನೂ ಬಾಯಿಬಿಟ್ಟು ಹೇಳಿಲ್ಲ, ನಾನೇ ಬರ್ಕೋತೀನಿ.

ನಿಮ್ಮಲ್ಲಿ ಒಂದೇ ಅಳತೆಗೆ ಹೊಲಿದ ಸ್ಯಾಂಪಲ್ ಬರುತ್ತೆ, ನಟಿಗೆ ಜಿಪ್ ಏರಲ್ಲ, ಸುತ್ತ ಹತ್ತು ಜನ ನಿಂತಿರ್ತಾರೆ ಅಂದಿದ್ದೆ. ಆಗ "ಮ್ಯಾಮ್, ಈ ಬಟ್ಟೆ ಚಿಕ್ಕದಾಯ್ತು" ಅನ್ನು. ಅವರು ದಪ್ಪ ಆಗಿದ್ದಾರೆ ಅನ್ನೋ ಮಾತು ನಿನ್ನ ಬಾಯಲ್ಲಿ ಬರಬಾರದು, ಮನೆಗೆ ಬಂದ ಮೇಲೂ, ಫ್ರೆಂಡ್ಸ್ ಹತ್ತಿರವೂ. ಬಟ್ಟೆ ಬದಲಾಯಿಸೋ ಕೋಣೆಯಲ್ಲಿ ಕಂಡದ್ದು ಅಲ್ಲೇ ಉಳೀಬೇಕು.

ದುಡ್ಡಿನ ವಿಷಯ. ಇರು ಅಂದೆ ಅಂತ ಪುಕ್ಕಟೆ ದುಡೀಬೇಡ. ಆಟೋ, ಡ್ರೈಕ್ಲೀನಿಂಗ್, ಪಿನ್ನು, ಎಲ್ಲಕ್ಕೂ ಚೀಟಿ ಇಟ್ಕೊಂಡು ಅದೇ ವಾರ ಬಿಲ್ ಕೊಡು. ಎರಡು ತಿಂಗಳ ಸಂಬಳ ಬಾಕಿ ಅಂದೆಯಲ್ಲ, ನಾಳೆಯೇ ಕೇಳು. ಕೇಳೋಕೆ ನಾಚಿಕೆ ಯಾಕೆ? ಕೊಡದೆ ಸತಾಯಿಸಿದರೆ ಮಾತ್ರ ನಾನು ಹೇಳಿದ್ದೆಲ್ಲ ಬಿಟ್ಟು ಪತ್ರಿಕೆಗೆ ಹೋಗು, ನಾನು ಬೇಡ ಅನ್ನಲ್ಲ.

ಸೇಫ್ಟಿ ಪಿನ್ನು ಎರಡು ಡಬ್ಬಿ, ಜರಿ ಮೇಲೆ ಹಾಕಿ ಇಸ್ತ್ರಿ ಮಾಡೋಕೆ ಮೆತ್ತನೆ ಮಲ್ ಬಟ್ಟೆ, ಚಟ್ನಿಪುಡಿ, ನಾಳೆ ಕೊರಿಯರ್ ಮಾಡ್ತೀನಿ. ಸೀರೆಯನ್ನ ಒಳಮೈ ಮೇಲೆ ಮಾಡಿಯೇ ತಿಕ್ಕು, ಬಿಸಿ ಕಮ್ಮಿ ಇರಲಿ. ಬಾಡಿಗೆಗೆ ಸಾಲದಿದ್ದರೆ ಮೊದಲು ನನಗೆ ಫೋನ್ ಮಾಡು, ಅಮ್ಮನಿಗೆ ಆಮೇಲೆ.

ನಿನ್ನ
ದೊಡ್ಡಮ್ಮ