ನಗಾಂತ್ ರಿವಾಲ್ವರ್: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಆಯುಧಗಳನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ರಿವಾಲ್ವರಿಗೆ ಸೈಲೆನ್ಸರ್ ತೊಡಿಸುವುದು ಸಿನಿಮಾದವರ ಕಲ್ಪನೆ ಎಂದು ಅದರಲ್ಲಿ ಹೇಳಿರುವುದು ಬಹುಪಾಲು ಸರಿಯಾದರೂ, ರಷ್ಯಾ ಸಾಮ್ರಾಜ್ಯದ ಸೇನೆ 1895ರಲ್ಲಿ ಅಂಗೀಕರಿಸಿದ ನಗಾಂತ್ ರಿವಾಲ್ವರಿನ ಮಟ್ಟಿಗೆ ಆ ಮಾತು ಸಲ್ಲುವುದಿಲ್ಲ. ಬದುಕಿನುದ್ದಕ್ಕೂ ಲೇತಿನ ಮುಂದೆ ನಿಂತು ಹುಡುಗರಿಗೆ ಕೆಲಸ ಕಲಿಸಿದ ನನಗೆ, ಆ ಯಂತ್ರರಚನೆಯ ಜಾಣ್ಮೆ ಓದುಗರಿಗೆ ತಿಳಿಯದೆ ಹೋಗಬಾರದು ಎನಿಸಿತು.

ರಿವಾಲ್ವರಿನಲ್ಲಿ ಕಾಡತೂಸುಗಳನ್ನು ಹಿಡಿದಿರುವ ಸಿಲಿಂಡರ್ ಸಲೀಸಾಗಿ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಗುಂಡು ಹಾರಿದಾಗ ಮದ್ದಿನ ಅನಿಲ ಆ ಸಂದಿನಿಂದ ಪಕ್ಕಕ್ಕೆ ನುಗ್ಗುತ್ತದೆ, ಸದ್ದೂ ಅದರೊಡನೆ ಹೊರಬೀಳುತ್ತದೆ; ಆದ್ದರಿಂದ ನಳಿಗೆಯ ತುದಿಗೆ ಸೈಲೆನ್ಸರ್ ತೊಡಿಸಿಯೂ ಹೆಚ್ಚು ಪ್ರಯೋಜನವಿಲ್ಲ. ಬೆಲ್ಜಿಯಂನ ಲೀಯೆಜ್ ನಗರದ ಲಿಯೋನ್ ನಗಾಂತ್ ಈ ಸಂದನ್ನೇ ಮುಚ್ಚಿದರು. ಅವರ ರಿವಾಲ್ವರಿನಲ್ಲಿ ಕಾಡತೂಸನ್ನು ಸಿಡಿಸುವ ಸುತ್ತಿಗೆ (ಹ್ಯಾಮರ್) ಹಿಂದಕ್ಕೆ ಬಾಗುವಾಗ ಸಿಲಿಂಡರ್ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜರುಗಿ ನಳಿಗೆಯ ಹಿಂತುದಿಗೆ ಒತ್ತಿ ಕೂರುತ್ತದೆ. ಇದಕ್ಕೆಂದೇ ಮಾಡಿದ 7.62 ಮಿ.ಮೀ. ಕಾಡತೂಸಿನಲ್ಲಿ ಗುಂಡು ಹೊರಗೆ ಚಾಚಿಕೊಳ್ಳದೆ ಹಿತ್ತಾಳೆ ಕೊಳವೆಯೊಳಗೇ ಹುದುಗಿರುತ್ತದೆ. ಆ ಕೊಳವೆಯ ಕಿರಿದಾದ ಬಾಯಿ ನಳಿಗೆಯೊಳಕ್ಕೆ ತುಸು ತೂರಿಕೊಂಡು, ಸೈಕಲ್ ಪಂಪಿನ ಚರ್ಮದ ವಾಷರ್ ಒತ್ತಡಕ್ಕೆ ಅರಳಿ ಗೋಡೆಗೆ ಕಚ್ಚಿಕೊಳ್ಳುವ ಹಾಗೆ, ಹಿಗ್ಗಿ ಸಂದನ್ನು ಮುಚ್ಚಿಬಿಡುತ್ತದೆ. ಅದೇ ಊರಿನ ಆನ್ರಿ ಪೀಪರ್ ಇದೇ ದಾರಿಯಲ್ಲಿ ಮೊದಲೇ ಪ್ರಯತ್ನಿಸಿದ್ದರೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಈ ಜಾಣ್ಮೆಗೆ ತೆತ್ತ ಬೆಲೆಯೂ ಕಡಿಮೆಯದಲ್ಲ. ಸಿಲಿಂಡರನ್ನೂ ಮುಂದಕ್ಕೆ ತಳ್ಳಬೇಕಾದ್ದರಿಂದ ಕುದುರೆ (ಟ್ರಿಗರ್) ಎಳೆಯಲು ಬೆರಳಿಗೆ ಬಹಳ ಬಲ ಬೇಕು. ಏಳು ಕಾಡತೂಸುಗಳನ್ನು ಬಲಬದಿಯ ಪುಟ್ಟ ಬಾಗಿಲಿನಿಂದ ಒಂದೊಂದಾಗಿ ತುಂಬಬೇಕು, ಸುಟ್ಟ ಕೊಳವೆಗಳನ್ನೂ ಕಡ್ಡಿಯಿಂದ ಒಂದೊಂದಾಗಿ ತಳ್ಳಬೇಕು. ಯುದ್ಧಭೂಮಿಯ ಸೈನಿಕನಿಗೆ ಸಂದು ಮುಚ್ಚಿದ್ದರಿಂದ ದೊರೆತ ಲಾಭಕ್ಕಿಂತ ಈ ತೊಡಕುಗಳೇ ಹೆಚ್ಚಾಗಿದ್ದವು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಸೈನಿಕರಿಗೆ ಕೊಟ್ಟ ಮಾದರಿಯಲ್ಲಂತೂ ಪ್ರತಿ ಗುಂಡಿಗೂ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕಿತ್ತು. ಕುದುರೆ ಎಳೆದರೆ ಸಾಕೆಂಬ ಅನುಕೂಲ ಅಧಿಕಾರಿಗಳ ಮಾದರಿಗೆ ಮಾತ್ರವಿತ್ತು.

ಆದರೂ ತುಲಾ ನಗರದ ಶಸ್ತ್ರಾಗಾರದಲ್ಲಿ ಅದರ ತಯಾರಿಕೆ ಎರಡನೆಯ ಮಹಾಯುದ್ಧದ ಕಾಲದವರೆಗೂ ನಡೆಯಿತು. ಸೋವಿಯತ್ ಕಾಲದಲ್ಲಿ ಮಿತಿನ್ ಸಹೋದರರು ರೂಪಿಸಿದ ‘ಬ್ರಮಿತ್’ ಸೈಲೆನ್ಸರ್ ಈ ರಿವಾಲ್ವರಿಗೆ ಹೊಂದಿ ಕೆಲಸ ಮಾಡಿದ್ದು, ಮೊದಲೇ ಸಂದು ಮುಚ್ಚಿದ್ದರಿಂದಲೇ. ದಯವಿಟ್ಟು ಈ ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಹರಿಹರ