ಇಳಿಯದ ಪೈಲಟ್‌ಗೆ ಬೈಗುಳ ಯಾಕೆ?

ಮಾನ್ಯ ಸಂಪಾದಕರೇ,

ಚಾರ್ಟರ್ ವಿಮಾನ, ಅಂದರೆ ಬಾಡಿಗೆಗೆ ಪಡೆದ ವಿಮಾನ, ಇಳಿಯುವಾಗ ಬಿದ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದ ದಿನವೇ ನಮ್ಮ ಚಿಕ್ಕಬಳ್ಳಾಪುರದಲ್ಲೂ ಒಂದು ತಮಾಷೆ ನಡೆಯಿತು. ಬೆಳಗ್ಗೆ ವಿಪರೀತ ಮಂಜು. ನಂದಿ ಬೆಟ್ಟ ಯಾವ ದಿಕ್ಕಿಗಿದೆ ಅನ್ನೋದೇ ಕಾಣುತ್ತಿರಲಿಲ್ಲ. ಕಾರ್ಯಕ್ರಮಕ್ಕೆ ಬರಬೇಕಿದ್ದ ಸಾಹೇಬರ ಹೆಲಿಕಾಪ್ಟರ್ ಮೈದಾನದ ಮೇಲೆ ಬರೀ ಸದ್ದು ಕೇಳಿಸಿ ಬೆಂಗಳೂರಿಗೆ ವಾಪಸ್ ಹೋಯಿತು. ಮೈಕ್ ಹಿಡಿದಿದ್ದ ಮುಖಂಡರೊಬ್ಬರು ‘ಪೈಲಟ್ ಯಾಕೋ ಧೈರ್ಯ ಮಾಡಲಿಲ್ಲ’ ಎಂದರು. ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

2001ರ ಮಾರ್ಚ್ 29ರಂದು ಅಮೆರಿಕದ ಆಸ್ಪೆನ್‌ನಲ್ಲಿ ಇಂಥ ಧೈರ್ಯ ಮಾಡಿದ್ದರು. ಬಾಡಿಗೆ ಜೆಟ್. ಸುತ್ತ ಬೆಟ್ಟ, ಹಿಮ, ಮೇಲೆ ಕತ್ತಲು. ಇಂತಿಷ್ಟು ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕು ಅನ್ನೋದು ನಿಯಮ. ಕಾಣದಿದ್ದರೂ ಕೆಳಕ್ಕೆ ಇಳಿಸುತ್ತಲೇ ಹೋದರು, ವಿಮಾನ ಬಿತ್ತು. 18 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಡಿಗೆಗೆ ಪಡೆದವರ ಒತ್ತಡವೂ ಒಂದು ಕಾರಣ ಎಂದು ತನಿಖೆಯಲ್ಲೇ ಬರೆದರು. ಮಂಗಳೂರಿನಲ್ಲಿ ಬಿದ್ದ ವಿಮಾನ ಚಾರ್ಟರ್ ಅಲ್ಲ, ಬಿಡಿ. ಆದರೂ 2010ರಲ್ಲಿ ‘ಗೋ ಅರೌಂಡ್’ (ಇಳಿಯಬೇಡ, ಮತ್ತೆ ಮೇಲೇರು) ಎಂದು ಸಹ ಪೈಲಟ್ ಹೇಳಿದ್ದನ್ನು ಕೇಳಿದ್ದರೆ 158 ಜೀವ ಉಳಿಯುತ್ತಿತ್ತೇನೋ. ನೀವೂ ಅಷ್ಟೇ, ಆ ಚಾರ್ಟರ್ ವಿಮಾನದ ಸುದ್ದಿಯಲ್ಲಿ ‘ಪೈಲಟ್ ತಪ್ಪು ಎನ್ನಲಾಗಿದೆ’ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿರಿ. ಹಿಂದಿನ ಸೀಟಿನಲ್ಲಿ ಕೂತು ‘ಲೇಟಾಯ್ತು, ಲೇಟಾಯ್ತು’ ಅನ್ನೋರ ತಪ್ಪು ಯಾರು ಬರೆಯಬೇಕು?

ಇನ್ನು ನಮ್ಮ ಪಾಡು. ಹೆಲಿಕಾಪ್ಟರ್ ಇಳಿಯದಿದ್ದರೂ ಬಿ.ಬಿ. ರಸ್ತೆಯ ಬ್ಯಾರಿಕೇಡ್ ತೆಗೆಯಲಿಲ್ಲ. ನನ್ನ ಸೇವಂತಿಗೆ ಮೂಟೆಗಳು ಲಗೇಜ್ ಆಟೋದಲ್ಲೇ ಕೂತವು. ಮಂಜಿಗೆ ನೆನೆದ ಹೂವು ಮೂಟೆಯೊಳಗೆ ಬಿಸಿಯಾಗಿ ಎಸಳು ಕಂದಿತ್ತು. ಮಾರ್ಕೆಟ್ ಸೇರುವಷ್ಟರಲ್ಲಿ ಹರಾಜು ಮುಗಿದಿತ್ತು. ಸಿಕ್ಕ ಹಣ ಕೀಳುವ ಕೂಲಿಗೂ ಸಾಲಲಿಲ್ಲ. ‘ಬೇರೆ ದಾರಿ ನೋಡ್ಕೋ ಹೋಗಣ್ಣ’ ಅಂದ ಪೊಲೀಸಪ್ಪನನ್ನು ಯಾವ ದಾರಿ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ!

ಮೈದಾನದ ಧೂಳಿಗೆ ಮಾತ್ರ ಟ್ಯಾಂಕರ್‌ಗಟ್ಟಲೆ ನೀರು. ನಮ್ಮ ಬೀದಿಯ ನಲ್ಲಿಗೆ ಆ ಭಾಗ್ಯ ಇಲ್ಲ. ಹೆಲಿಪ್ಯಾಡ್ ಆಗಿ ಹುಟ್ಟಬೇಕಿತ್ತು ಅಷ್ಟೇ. ಹೋದ ಸಲ ಇನ್ಯಾರೋ ಬರುತ್ತಾರೆಂದು ಶಾಲೆ ಮುಂದಿನ ಹಂಪ್ಸ್ ಕಿತ್ತರು. ಅವರು ಬರಲಿಲ್ಲ, ಹಂಪ್ಸೂ ಬರಲಿಲ್ಲ. ಅರ್ಜಿ ಕೊಟ್ಟರೆ ‘ಅದು ನಮ್ಮ ವ್ಯಾಪ್ತಿಗೆ ಬರಲ್ಲ’ ಎನ್ನುತ್ತಾರೆ. ಕೀಳುವಾಗ ಯಾರ ವ್ಯಾಪ್ತಿ ಇತ್ತೋ!

ಬೆಂಗಳೂರಿಂದ ಇಲ್ಲಿಗೆ ಕಾರಲ್ಲಿ ಬಂದರೆ ಸಾಹೇಬರ ಗಂಟೇನೂ ಹೋಗಲ್ಲ. ಹಾರಿಕೊಂಡೇ ಬರಬೇಕೆಂದರೆ ಮಂಜು ಕರಗಿದ ಮೇಲೆ ಬರಲಿ, ಇಲ್ಲ ಊರಾಚೆ ಇಳಿಯಲಿ. ಆ ಪೈಲಟ್‌ಗೆ ಯಾರಾದರೂ ಒಂದು ಥ್ಯಾಂಕ್ಸ್ ಹೇಳಲಿ. ಅಧಿಕಾರಿಗಳಿಗೆ ನಾಚಿಕೆ ಅನ್ನೋದಿದ್ದರೆ ಏನಾದರೂ ಮಾಡಲಿ, ಕೊನೇಪಕ್ಷ ಹಂಪ್ಸಾದರೂ ಹಾಕಿಸಲಿ.

– ಹೂವಿನ ಬೆಳೆಗಾರ, ಚಿಕ್ಕಬಳ್ಳಾಪುರ