ಸೆದೆರ್ ಊಟಕ್ಕೆ ಬದನೆ ಗೊಜ್ಜು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ನೋಡಿದೆ. ನೀನು ನೋಡಿಕೊಳ್ಳುವ ಯಹೂದಿ ಅಜ್ಜಿ, ಅವರ ಪೆಸಾಹ್ ಹಬ್ಬದ ಮೊದಲ ರಾತ್ರಿಯ ಸೆದೆರ್ ಊಟಕ್ಕೆ ನೀನೂ ಏನಾದರೂ ಮಾಡು ಅಂದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯ. ಬದನೆಕಾಯಿ ಸುಟ್ಟು ಗೊಜ್ಜು ಮಾಡು. ನಿನಗೂ ಬರುತ್ತದೆ, ಅವರಿಗೂ ಹೊಸದಲ್ಲ. ಇಸ್ರೇಲಿನ ಹೈಫಾದಲ್ಲಿ ನಾನು ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹತ್ಸಿಲಿಮ್ ಅಂತ ಇದನ್ನು ಹಬ್ಬ ಇರಲಿ ಬಿಡಲಿ ಮಾಡುತ್ತಿದ್ದರು.

ಆದರೆ ನಮ್ಮ ಮನೆಯ ಹಾಗೆ ಮಾಡಬೇಡ. ಪೆಸಾಹ್ ಅಂದರೆ ನಮ್ಮ ಬೈಬಲಿನ ಪಾಸ್ಕ ಹಬ್ಬ. ಅಲ್ಲಿ ಏಳು ದಿನ, ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಂದ ಮಾಡಿದ ಹುದುಗಿದ ಯಾವುದನ್ನೂ ತಿನ್ನುವ ಹಾಗಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಬ್ರೆಡ್ಡು, ಬಿಸ್ಕತ್ತು ಎಲ್ಲರಿಗೂ ನೆನಪಿರುತ್ತದೆ, ಇಂಗು ಯಾರಿಗೂ ನೆನಪಾಗುವುದಿಲ್ಲ! ಡಬ್ಬಿಯ ಹಿಂದೆ ಓದು, ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾನೋ ಸೇರಿಸಿರುತ್ತಾರೆ. ಅದನ್ನು ಎಲ್ಲಿಡಬೇಕು ಅಂತ ಅಜ್ಜಿಯನ್ನೇ ಕೇಳು. ಸಾಸಿವೆ ಒಗ್ಗರಣೆಯೂ ಬೇಡ. ಅವರ ಮನೆತನ ಪೋಲೆಂಡಿನದು ಅಂದಿದ್ದೆ ಅಲ್ವಾ, ಆ ಕಡೆಯ ಯಹೂದಿಗಳು, ಅಂದರೆ ಅಶ್ಕೆನಾಜಿಗಳು, ಪದ್ಧತಿ ಪ್ರಕಾರ ಈ ಹಬ್ಬದಲ್ಲಿ ಅಕ್ಕಿ, ಬೇಳೆ, ಕಡಲೆ, ಸಾಸಿವೆ, ಎಳ್ಳು ಯಾವುದನ್ನೂ ತಿನ್ನುವುದಿಲ್ಲ. ಹಾಗಾಗಿ ಎಳ್ಳು ಅರೆದ ತಹಿನಿಯೂ ಇಲ್ಲ, ಕಡಲೆ ಅರೆದ ಹುಮ್ಮುಸ್ಸೂ ಇಲ್ಲ. ಇರಾಕಿನಿಂದ ಬಂದ ಯಹೂದಿಗಳ ಮನೆಯಾಗಿದ್ದರೆ ಅನ್ನವೇ ನಡೆಯುತ್ತಿತ್ತು.

ಇನ್ನು ಮೊಸರು. ಸೆದೆರ್ ರಾತ್ರಿ ಕೋಳಿ ಸೂಪೋ ಮಾಂಸವೋ ಇದ್ದೇ ಇರುತ್ತದೆ, ಅದರ ಜೊತೆ ಹಾಲು ಮೊಸರಿನ ಯಾವುದೂ ಮೇಜಿಗೆ ಬರಬಾರದು. ಒಂದು ಚಮಚ ಕೂಡ ಹಾಕಬೇಡ, ಹಾಕಿದರೆ ಆ ಬಟ್ಟಲು ಹಾಗೇ ಒಳಗೆ ಹೋಗುತ್ತದೆ.

ಹಾಗಾದರೆ ಉಳಿದದ್ದೇನು ಅಂತೀಯಾ? ಬದನೆ, ಬೆಳ್ಳುಳ್ಳಿ, ನಿಂಬೆ, ಉಪ್ಪು, ಆಲಿವ್ ಎಣ್ಣೆ. ಸಾಕು. ಏಳೆಂಟು ಜನಕ್ಕೆ 2 ದೊಡ್ಡ ಬದನೆ ತಗೋ, ಕೈಯಲ್ಲಿ ಹಗುರ ಅನಿಸುವಂಥದ್ದು, ಅದರಲ್ಲಿ ಬೀಜ ಕಮ್ಮಿ ಇರುತ್ತದೆ ಅಂತಾರೆ. ಹಬ್ಬಕ್ಕೆ ಅಂತ ಎತ್ತಿಟ್ಟ ಪಾತ್ರೆ, ಚಾಕುವನ್ನೇ ಬಳಸು, ದಿನ ಬಳಸುವುದನ್ನು ಮುಟ್ಟಬೇಡ. ಗ್ಯಾಸನ್ನು ಅಜ್ಜಿಯ ಕೈಯಿಂದಲೇ ಹಚ್ಚಿಸು, ಮಡಿ ಜಾಸ್ತಿ ಇರುವ ಮನೆಗಳಲ್ಲಿ ಯಹೂದಿಗಳಲ್ಲದ ನಮ್ಮಂಥವರು ಬೇಯಿಸುವಾಗ ಇದನ್ನು ನೋಡುತ್ತಾರೆ. ಬದನೆಗೆ ಅಲ್ಲಲ್ಲಿ ಚುಚ್ಚಿ ಉರಿಯ ಮೇಲೇ ಇಡು, ಆಗಾಗ ತಿರುಗಿಸು, ಸಿಪ್ಪೆ ಪೂರ್ತಿ ಕರಿದಾಗಿ ಕಾಯಿ ಕುಸಿದು ಬೀಳಬೇಕು, ಅರ್ಧ ಬೆಂದದ್ದು ಮಾತ್ರ ಯಾವ ದೇಶದಲ್ಲೂ ಚೆನ್ನಾಗಿರುವುದಿಲ್ಲ. ಸಿಪ್ಪೆ ತೆಗೆದು ಜರಡಿಯಲ್ಲಿ ಅರ್ಧ ಗಂಟೆ ಬಿಡು, ಕಂದು ನೀರು ಇಳಿದುಹೋಗಲಿ, ಕಹಿಯೆಲ್ಲ ಅದರಲ್ಲೇ ಇರುವುದು. ಆಮೇಲೆ ಚಾಕುವಿನಲ್ಲಿ ಕೊಚ್ಚು. ಮಿಕ್ಸಿ ಬೇಡ, ಅಂಟಂಟಾಗುತ್ತದೆ. 2 ಎಸಳು ಬೆಳ್ಳುಳ್ಳಿ ಜಜ್ಜಿ ಹಾಕು, ಅರ್ಧ ನಿಂಬೆ ಹಿಂಡಿ ರುಚಿ ನೋಡಿಕೊಂಡು ಉಳಿದರ್ಧ, 3 ಚಮಚ ಎಣ್ಣೆ. ಕೊತ್ತಂಬರಿ ಸೊಪ್ಪು ಹಾಕುವುದಾದರೆ ಎಲೆ ಎಲೆಯಾಗಿ ನೋಡು, ಹುಳ ಸಿಕ್ಕಿದರೆ ಅವರಿಗೆ ಅದು ಬರೀ ಅಸಹ್ಯವಲ್ಲ, ತಿನ್ನಬಾರದ್ದು.

ಇದೆಲ್ಲ ಮಧ್ಯಾಹ್ನವೇ ಮುಗಿಸು. ಸೂರ್ಯ ಮುಳುಗಿದ ಮೇಲೆ ಹೊಸದಾಗಿ ಬೆಂಕಿ ಹಚ್ಚುವುದಿಲ್ಲ, ಗೊಜ್ಜು ಕೂತಷ್ಟೂ ರುಚಿಯೂ ಹತ್ತುತ್ತದೆ. ಊಟ ಬರುವುದು ಬಹಳ ತಡ, ಮೊದಲು ಈಜಿಪ್ಟಿನಿಂದ ಬಿಡುಗಡೆಯಾದ ಕಥೆಯನ್ನು ಓದುತ್ತಾರೆ. ಸಂಜೆಯೇ ಏನಾದರೂ ತಿಂದುಕೋ. ಮನೆಯ ಚಿಕ್ಕ ಮಗು ಪ್ರಶ್ನೆ ಕೇಳುತ್ತದೆ: ಬೇರೆ ರಾತ್ರಿ ಒಂದು ಸಲವೂ ಅದ್ದುವುದಿಲ್ಲ, ಇವತ್ತು ಎರಡು ಸಲ ಯಾಕೆ ಅಂತ. ಸೊಪ್ಪನ್ನೋ ಆಲೂಗಡ್ಡೆಯನ್ನೋ ಉಪ್ಪುನೀರಿಗೆ ಅದ್ದುವುದು ಒಂದು, ಕಹಿ ಸೊಪ್ಪನ್ನು ಹಣ್ಣು, ಒಣಬೀಜ ಅರೆದ ಸಿಹಿ ಹರೋಸೆತ್‌ಗೆ ಅದ್ದುವುದು ಇನ್ನೊಂದು. ನಿನ್ನ ಗೊಜ್ಜು ಆ ಲೆಕ್ಕಕ್ಕಿಲ್ಲ, ಸುಮ್ನೆ ಮುಂದೆ ತಳ್ಳಬೇಡ! ಊಟ ಶುರುವಾದಾಗ ಮಾತ್ಸಾ ಮುರಿದು ಅದರ ಜೊತೆ ಕೊಡು. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಿಸಿದ ರೊಟ್ಟಿ ಅದು, ಬರೀ ತಿಂದರೆ ಗಂಟಲಲ್ಲಿ ಇಳಿಯುವುದಿಲ್ಲ.

ಹಸಿಮೆಣಸು ಬೇಕೇ ಬೇಕು ಅಂದರೆ ನಿನ್ನ ಪಾಲಿಗೆ ಬೇರೆ ತೆಗೆದು ಹಾಕಿಕೋ. ಹಬ್ಬ ಕಳೆದ ಮೇಲೆ ಫೋನ್ ಮಾಡು, ಅಪ್ಪನೂ ಕೇಳುತ್ತಿದ್ದಾರೆ.

ನಿನ್ನ ಅಮ್ಮ